ಒಂದೇ ದಾರಿಯ ಹರಳು

ಜನವರಿ ೬, ಸೋಮವಾರ

ಹೊಸ ವರ್ಷ ಹಳತಾಗಲು ಶುರುವಾದ ಮೇಲೆ ಡೈರಿ ತೆರೆಯುತ್ತಿದ್ದೇನೆ. ನನ್ನ ಶಿಸ್ತಿಗೆ ಬೇರೆ ಸಾಕ್ಷಿ ಬೇಡ.

ಬರೆಯಲು ಕಾರಣವಿದೆ. ಹರಳಮ್ಮ ಇವತ್ತು ನನ್ನ ಕೋಣೆಗೆ ಬಂದು, ಬಾಗಿಲು ಮುಚ್ಚಿ, ಎದೆಗವಚಿಕೊಂಡಿದ್ದ ಗಾಜಿನ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟರು. ಹರಳಮ್ಮ ಎಂದರೆ ನಮ್ಮ ವಿಭಾಗದಲ್ಲಿ ಹರಳು ಬೆಳೆಸುವ ಹಿರಿಯರು. ಆ ಹೆಸರಿಟ್ಟವನು ನಾನೇ. ಹರಳೆಣ್ಣೆಗೂ ಅವರಿಗೂ ಸಂಬಂಧವಿಲ್ಲ. ಆದರೆ ಅವರ ಪಾಠ ಮುಗಿಸಿ ಹೊರಬರುವ ವಿದ್ಯಾರ್ಥಿಗಳ ಮುಖ ನೋಡಿದರೆ ಇದೆ ಎನಿಸುತ್ತದೆ.

ಡಬ್ಬಿಯೊಳಗೆ ಒದ್ದೆ ಹತ್ತಿಯ ಪಕ್ಕದಲ್ಲಿ ಒಂದು ಸೂಜಿ. ಉಗುರಿನಷ್ಟು ಉದ್ದ, ಹೊಚ್ಚ ಹೊಸ ತಾಮ್ರದ ಹೊಳಪು. ತಾಮ್ರವಲ್ಲ, ಪ್ಲಾಟಿನಂ ಉಪ್ಪು. ಅದರೊಳಗೆ ಪ್ಲಾಟಿನಂ ಪರಮಾಣುಗಳು ಒಂದರ ತಲೆಯ ಮೇಲೊಂದು ನಿಂತು ಸರಪಳಿಯಾಗಿರುತ್ತವೆ. ಆ ಉದ್ದಕ್ಕೆ ವಿದ್ಯುತ್ತು ಲೋಹದಲ್ಲಿ ಹರಿದಂತೆ ಹರಿಯುತ್ತದೆ. ಅಡ್ಡಕ್ಕೆ ಕಳಿಸಿದರೆ ‘ಇಲ್ಲ’ ಎನ್ನುತ್ತದೆ. ಒಂದೇ ರೂಟಿನ ಕಂಡಕ್ಟರು. ಬೇರೆ ಲೋಹಗಳಲ್ಲಿ ದಾರಿ ಕಟ್ಟಿದರೆ ಪಕ್ಕದ ಬೀದಿಯಿದೆ. ಇಲ್ಲಿ ಪಕ್ಕದ ಬೀದಿಯೇ ಇಲ್ಲ. ಸಾಲಿನಲ್ಲಿ ಒಬ್ಬ ಸರಿದರೆ ಹಿಂದಿನವರೆಲ್ಲ ನಿಂತರು.

“ಇಷ್ಟು ಉದ್ದದ್ದು ನನ್ನ ಜೀವಮಾನದಲ್ಲಿ ಬಂದಿಲ್ಲ ಕಣ್ರೀ,” ಅಂದರು ಹರಳಮ್ಮ. “ಮಾರ್ಚ್ ಕೊನೇಗೆ ನನ್ನನ್ನ ಮನೆಗೆ ಕಳಿಸ್ತಾರೆ. ಅಷ್ಟರೊಳಗೆ ಇದಕ್ಕೆ ತಂತಿ ಹಾಕಿ ತಣ್ಣಗೆ ಮಾಡಿ ಒಂದು ಗೆರೆ ತೆಗೆದುಕೊಡಿ. ನಿಮ್ಮ ಕೈ ಬಿಟ್ಟು ಇನ್ಯಾರ ಕೈಗೂ ನಾನಿದನ್ನ ಕೊಡಲ್ಲ.”

ನನ್ನ ಕೆಲಸ ಅದೇ. ಕೂದಲಿಗಿಂತ ತೆಳ್ಳಗಿನ ನಾಲ್ಕು ಚಿನ್ನದ ತಂತಿಗಳನ್ನು ಸೂಕ್ಷ್ಮದರ್ಶಕದಡಿ ಬೆಳ್ಳಿಯ ಲೇಪದಿಂದ ಹರಳಿಗೆ ಅಂಟಿಸುವುದು, ಲೇಪ ಒಣಗುವವರೆಗೆ ಚಿಮಟದಲ್ಲಿ ಹಿಡಿದು ನಿಲ್ಲಿಸುವುದು. ಆಮೇಲೆ ಹರಳನ್ನು ತಣಿಸುತ್ತ ಹೋಗುವುದು. ತಣ್ಣಗಾದಷ್ಟೂ ಅದು ಲೋಹದ ವೇಷ ಕಳಚಿ, ಕೊನೆಗೆ ವಿದ್ಯುತ್ತಿನ ಪಾಲಿಗೆ ಕಲ್ಲಾಗುತ್ತದೆ. ಹೇಗೆ, ಎಲ್ಲಿ ಆಗುತ್ತದೆ ಎಂಬುದರ ಗೆರೆ ಬೇಕು, ವಿದ್ಯುತ್ತಿಗೆ ತಡೆ ಹೆಚ್ಚಿದಷ್ಟೂ ಮೇಲೇರುವ ಗೆರೆ. ಹರಳು ಉದ್ದವಿದ್ದಷ್ಟೂ ಗೆರೆ ನಂಬಿಕಸ್ಥ.

ಒಂದೇ ಕಾಟ. ಈ ಹರಳಿಗೆ ನೀರೇ ಪ್ರಾಣ. ಒಣ ಗಾಳಿ ತಗುಲಿದರೆ ಒಳಗಿನ ನೀರು ಹಾರಿ, ಹೊಳಪು ಹೋಗಿ, ಸೀಳಿಬಿಡುತ್ತದೆ. ಅದಕ್ಕೇ ನನ್ನ ಕೋಣೆಯ ಮೂಲೆಯಲ್ಲಿ ತೇವಯಂತ್ರವೊಂದು ಸದಾ ಮಂಜು ಉಗುಳುತ್ತಿರುತ್ತದೆ.

ಚಹಾದ ಹೊತ್ತಿಗೆ ‘ಒಂದೇ ರೂಟಿನ ಕಂಡಕ್ಟರು’ ಹೇಳಿದೆ. ಯಾರೂ ನಗಲಿಲ್ಲ. “ಏನಾದ್ರೂ ಬೇಜಾರಾಗಿದೆಯಾ ಸಾರ್?” ಎಂದು ಒಬ್ಬ ಕೇಳಿದ. ಈಗಿನವರಿಗೆ ಹಾಸ್ಯವನ್ನು ಅಡಿಟಿಪ್ಪಣಿ ಸಮೇತ ಬಡಿಸಬೇಕು.

ಜನವರಿ ೯, ಗುರುವಾರ

ಉದ್ದನೆಯದನ್ನು ಮುಟ್ಟುವ ಮುನ್ನ ಕೈ ಪಳಗಲೆಂದು ಚಿಕ್ಕ ಹರಳೊಂದನ್ನು ತೆಗೆದುಕೊಂಡೆ. ತಂತಿಯನ್ನು ಹತ್ತಿರ ಒಯ್ಯುವಾಗ ಎಲ್ಲ ಸಲೀಸು. ಮುಟ್ಟಿಸಿ, ಲೇಪ ಒಣಗಲೆಂದು ಸುಮ್ಮನೆ ಹಿಡಿದು ಕೂತಾಗ ಶುರುವಾಗುತ್ತದೆ: ತಂತಿಯ ತುದಿ ಗುಬ್ಬಿಯ ಕೊಕ್ಕಿನಂತೆ ಹರಳನ್ನು ಕುಟುಕತೊಡಗುತ್ತದೆ. ಹರಳು ಎರಡು ಹೋಳು.

ಕಾರಣ ಗೋಡೆಯಾಚೆ ಇದೆ. ಅಲ್ಲಿ ನಿರ್ವಾತನ ಪಂಪು. ನಿರ್ವಾತ ಎಂದರೆ ಪಕ್ಕದ ಪ್ರಯೋಗಾಲಯದವನು. ಪಾತ್ರೆಗಳಿಂದ ಗಾಳಿ ಹೀರಿ ತೆಗೆಯುವುದು ಅವನ ವೃತ್ತಿ. ಹೀರಿದ ಗಾಳಿಯನ್ನೆಲ್ಲ ಮಾತಿನಲ್ಲಿ ಹೊರಬಿಡುತ್ತಾನೆ.

“ನಿನ್ನ ಪಂಪು ನನ್ನ ಮೇಜು ಅಲ್ಲಾಡಿಸ್ತಿದೆ ಕಣಯ್ಯ.”

“ಅದು ಮೊದಲಿಂದ್ಲೂ ಅಲ್ಲೇ ಇದೆಯಲ್ಲ ಸಾರ್?”

“ವಯಸ್ಸಾದ ಮೇಲೆ ನಡುಕ ಬರುತ್ತೆ.”

“ಯಾರಿಗೆ?”

“ಪಂಪಿಗೆ!”

ಒಳ್ಳೆಯ ಸಮಯಕ್ಕೆ ಒಳ್ಳೆಯ ಮಾತು ಬಿದ್ದಿತ್ತು. ಅವನು ನಗುವ ಬದಲು ಒಂದು ಹೆಜ್ಜೆ ಹಿಂದೆ ಸರಿದ. ಸಂಜೆ ಹರಳಮ್ಮನ ಹತ್ತಿರ “ಸಾರ್ ನನ್ನ ಮೇಲೆ ತುಂಬ ಸಿಟ್ಟಾಗಿದ್ದಾರೆ” ಅಂದನಂತೆ.

ಜನವರಿ ೧೪, ಮಂಗಳವಾರ

ಬೆಳ್ಳಿ ಲೇಪದ ಹೊಸ ಬಾಟಲಿ ಖೋಟಾ. ಈ ಲೇಪದ ಗುರುತೇ ಅದರ ಬಾಳೆಹಣ್ಣಿನ ವಾಸನೆ. ಹೊಸತಕ್ಕೆ ವಾಸನೆಯೇ ಇಲ್ಲ, ನೀರು ಮೂಸಿದಂತೆ. ಅಂಗಡಿಯವನಿಗೆ ಕಟುವಾಗಿ ಬರೆದೆ.

ಹರಳಮ್ಮ ಒಳಗೆ ಕಾಲಿಟ್ಟವರೇ ಸೆರಗನ್ನು ಮೂಗಿಗೆ ಹಿಡಿದರು. “ಅಯ್ಯಯ್ಯೋ, ಬಾಳೆಹಣ್ಣಿನ ಗೋದಾಮು ಮಾಡಿದೀರಲ್ರೀ! ಕಿಟಕಿ ತೆಗೀರಿ.”

ಇನ್ನೊಬ್ಬರ ಮೂಗಿನ ವಿಷಯದಲ್ಲಿ ನಾನು ಮೂಗು ತೂರಿಸುವುದಿಲ್ಲ. ಅವರಿಗೆ ವಯಸ್ಸಾಯಿತು.

ಜನವರಿ ೧೭, ಶುಕ್ರವಾರ

ನನ್ನ ಕೈಹಿಡಿದವಳು ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸುತ್ತಾಳೆ. ದಿನವಿಡೀ ಪರರ ಮುಖ ನೋಡಿ ಬಂದವಳಿಗೆ ಸಂಜೆ ನನ್ನ ಮುಖ ವಿಶ್ರಾಂತಿ ಎಂದು ಭಾವಿಸಿದ್ದೆ. ಇವತ್ತು ಊಟಕ್ಕೆ ಕೂತಾಗ ಎದುರಿನಿಂದ ದಿಟ್ಟಿಸಿದಳು.

“ನೀವು ಕಣ್ಣು ಮಿಟುಕಿಸ್ತಾನೇ ಇಲ್ಲ.”

“ಚೆಲುವನ್ನ ನೋಡುವಾಗ ರೆಪ್ಪೆ ಅಡ್ಡ ಬರಬಾರದು.”

ಮೊದಲಾಗಿದ್ದರೆ ಚಮಚ ಎಸೆಯುತ್ತಿದ್ದಳು. ಇವತ್ತು, “ತಮಾಷೆ ಮಾಡಿದ್ರಾ?” ಎಂದು ಕೇಳಿದಳು. ಇಪ್ಪತ್ತು ವರ್ಷಕ್ಕೂ ಮೀರಿದ ದಾಂಪತ್ಯದಲ್ಲಿ ಇಂಥ ಅವಮಾನ ಆಗಿರಲಿಲ್ಲ.

ಈಚೆಗೆ ಅವಳು ಪಕ್ಕದ ಕೋಣೆಯಲ್ಲಿ ಮಲಗುತ್ತಾಳೆ. ನಿದ್ದೆಯಲ್ಲಿ ನಾನು ಒದೆಯುತ್ತೇನಂತೆ, ಕೂಗುತ್ತೇನಂತೆ. ಅವಳ ಮೊಣಕೈ ಹತ್ತಿರ ನೀಲಿಗಟ್ಟಿದೆ. ಕನಸಿನಲ್ಲಿ ನಾನು ಪಂಪಿಗೆ ಒದೆಯುತ್ತಿದ್ದೆ. ಅದನ್ನು ವಿವರಿಸಿದರೂ ಗಾಯದ ಬಣ್ಣ ಬದಲಾಗಲಿಲ್ಲ.

ಹೊಸ ಅಂಗಿಯ ಕಾಜಾ ಸಣ್ಣದು, ಗುಂಡಿ ತೂರುವುದಿಲ್ಲ. ದರ್ಜಿಗೆ ವಾಪಸ್ ಕೊಡಬೇಕು.

ಜನವರಿ ೨೨, ಬುಧವಾರ

ಕಂಪನದ ಮೇಲೆ ಯುದ್ಧ ಸಾರಿದ್ದೇನೆ. ಮೇಜಿನ ಮೇಲೆ ಸ್ಕೂಟರಿನ ಟ್ಯೂಬುಗಳಿಗೆ ಗಾಳಿ ತುಂಬಿಟ್ಟು, ಅದರ ಮೇಲೆ ಅಮೃತಶಿಲೆಯ ಹಲಗೆ, ಅದರ ಮೇಲೆ ಸೂಕ್ಷ್ಮದರ್ಶಕ. ಇನ್ನು ನೆಲ ನಡುಗಿದರೂ ಹಲಗೆ ತೇಲುತ್ತಿರುತ್ತದೆ. ಹಲಗೆಗೆ ಒಂದು ಪುಟ್ಟ ಕನ್ನಡಿ ಅಂಟಿಸಿ, ಕಿಟಕಿಯ ಕಟ್ಟೆಯಿಂದ ಲೇಸರ್ ಬಿಟ್ಟೆ. ಬೆಳಕು ಕನ್ನಡಿಗೆ ಬಡಿದು ಎದುರು ಗೋಡೆಯ ಮೇಲೆ ಕೆಂಪು ಚುಕ್ಕೆಯಾಗುತ್ತದೆ. ಹಲಗೆ ಕೂದಲೆಳೆ ಅಲುಗಿದರೂ ಚುಕ್ಕೆ ಗೋಡೆಯ ಮೇಲೆ ಕುಣಿಯುತ್ತದೆ.

ಮೊಣಕೈ ಹಲಗೆಗೆ ಊರಿ ಕೆಲಸಕ್ಕೆ ಕೂತೆ. ಚುಕ್ಕೆ ಕುಣಿಯಿತು. ತಂತಿಯ ತುದಿಯೂ ಟ್ಯೂಬು ಇಡುವ ಮೊದಲಿಗಿಂತ ಹೆಚ್ಚೇ ಕುಣಿಯಿತು.

ಪಂಪು ನಾನಂದುಕೊಂಡಿದ್ದಕ್ಕಿಂತ ಬಲಶಾಲಿ.

ಜನವರಿ ೨೮, ಮಂಗಳವಾರ

ಮಹತ್ವದ ಸುಳಿವು. ಮಧ್ಯಾಹ್ನ ನಾನು ಊಟಕ್ಕೆ ಹೋದಾಗ ಚುಕ್ಕೆ ಕಾಯಲು ಹರಳಮ್ಮನನ್ನು ಕೂರಿಸಿದ್ದೆ. “ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತ್ತು,” ಅಂದರು. ನಾನು ವಾಪಸ್ ಬಂದು ಕೂತೆ, ನಡುಕ ಹಾಜರು.

ಅಂದರೆ ನಿರ್ವಾತ ಊಟದ ಹೊತ್ತಿಗೆ ಪಂಪು ಆರಿಸುತ್ತಾನೆ, ನಾನು ಬಂದದ್ದು ಕಂಡು ಹಚ್ಚುತ್ತಾನೆ. ಬೇಕೆಂದೇ ಮಾಡುತ್ತಾನೆ ಎನ್ನಲಾರೆ. ಆದರೆ ಕೈವಾಡವಿಲ್ಲ ಎಂದೂ ಹೇಗೆ ಹೇಳಲಿ?

ಇದನ್ನು ವಿವರಿಸುವಾಗ ಹರಳಮ್ಮ ಗೋಡೆ ನೋಡುತ್ತಿರಲಿಲ್ಲ. ನನ್ನ ಬಲಗೈ ನೋಡುತ್ತಿದ್ದರು. ಅದು ತೊಡೆಯ ಮೇಲೆ ಸುಮ್ಮನೆ ಮಲಗಿತ್ತು, ಅಷ್ಟೆ. ಹೆಬ್ಬೆರಳು ತೋರುಬೆರಳು ಏನೋ ಮಾತ್ರೆ ಉಜ್ಜುವ ಹಾಗೆ ಆಡಿಕೊಳ್ಳುತ್ತಿದ್ದವು. ಯೋಚನೆ ಮಾಡುವಾಗ ನನಗದು ಅಭ್ಯಾಸ.

“ಯಾರಿಗಾದ್ರೂ ತೋರಿಸಿದೀರಾ?” ಅಂದರು.

“ನಿರ್ದೇಶಕರಿಗೆ ತೋರಿಸ್ತೀನಿ,” ಅಂದೆ, “ಲಿಖಿತ ದೂರು ಸಮೇತ.”

ಫೆಬ್ರವರಿ ೪, ಮಂಗಳವಾರ

ಗೆದ್ದೆ. ನಿರ್ವಾತನ ಪಂಪನ್ನು ನೆಲಮಾಳಿಗೆಗೆ ಸಾಗಿಸಲು ಆಜ್ಞೆಯಾಯಿತು. ಅದರ ಕೊಳವೆಗಳನ್ನು ಹೊಸದಾಗಿ ಜೋಡಿಸುವವರೆಗೆ ಅವನ ಕೆಲಸ ಬಂದ್. ಪಂಪನ್ನು ತಳ್ಳುಗಾಡಿಯಲ್ಲಿ ಒಯ್ಯುವಾಗ ನನ್ನ ಬಾಗಿಲ ಮುಂದೆ ನಿಂತ.

“ಕೊನೇ ದರ್ಶನ ಮಾಡ್ಕೊಳ್ಳಿ ಸಾರ್.”

ಒಳ್ಳೆಯ ಮಾತು. ನಾನು ನಕ್ಕೆ. ಅವನು ಮಾತ್ರ ನನ್ನ ಮುಖ ನೋಡಿ ತಲೆ ತಗ್ಗಿಸಿ, “ಹೋಗ್ಲಿ ಬಿಡಿ,” ಎಂದು ಗಾಡಿ ತಳ್ಳಿದ.

ಫೆಬ್ರವರಿ ೫, ಬುಧವಾರ

ಚುಕ್ಕೆ ನಡುಗುತ್ತಿದೆ.

ಫೆಬ್ರವರಿ ೧೧, ಮಂಗಳವಾರ

ನಡುಕವನ್ನು ಅಳೆದೆ. ಸೆಕೆಂಡಿಗೆ ಐದು ಸಲ, ಹೆಚ್ಚೂಕಡಿಮೆ. ಪಂಪಿನದು ಇದಕ್ಕಿಂತ ಎಷ್ಟೋ ವೇಗ. ಅಂದರೆ ಪಂಪು ನಿರಪರಾಧಿ. ಇದನ್ನು ನಿರ್ವಾತನಿಗೆ ಹೇಳಬೇಕು, ಇವತ್ತು ಆಗಲಿಲ್ಲ.

ಸೆಕೆಂಡಿಗೆ ಐದು ಸಲ ಅಲುಗುವ ಯಂತ್ರ ಈ ಕಟ್ಟಡದಲ್ಲಿ ಯಾವುದು? ಲಿಫ್ಟಿನ ಗೋಡೆಗೆ ಕಿವಿಯಿಟ್ಟೆ. ತಣ್ಣೀರಿನ ಯಂತ್ರವನ್ನು ಅಪ್ಪಿ ನಿಂತೆ. ಹುಡುಗಿಯರಿಬ್ಬರು ಬಾಟಲಿ ತುಂಬಿಸಲು ಬಂದವರು ಹಾಗೇ ಹಿಂತಿರುಗಿದರು. ಫ್ಯಾನುಗಳನ್ನೆಲ್ಲ ಒಂದೊಂದಾಗಿ ಆರಿಸಿದೆ. ಚಹಾ ಬಿಟ್ಟೆ. ಕೊನೆಗೆ ನನ್ನದೇ ಕೋಣೆಯ ಮೂಲೆಯಲ್ಲಿ ಕಳ್ಳ ಸಿಕ್ಕ: ತೇವಯಂತ್ರ. ಅದರ ಫ್ಯಾನಿನ ಒಂದು ರೆಕ್ಕೆ ಸೊಟ್ಟಗಿದೆ. ಆರಿಸಿದೆ. ಮನೆಯಲ್ಲೇ ಕಳ್ಳನನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು.

ಆರಿಸಿದ ಮೇಲೆ ನಡುಕ ಕಡಿಮೆಯಾಗಿದೆ ಎನಿಸಿತು. ಎನಿಸಿತು ಎಂದೇ ಬರೆಯುತ್ತೇನೆ.

ಫೆಬ್ರವರಿ ೧೮, ಮಂಗಳವಾರ

ಚಿಕ್ಕ ಹರಳುಗಳೆಲ್ಲ ಮುಗಿದವು. ಒಂದಕ್ಕೂ ನಾಲ್ಕು ತಂತಿ ಹತ್ತಲಿಲ್ಲ. ಹರಳಮ್ಮ ಕೇಳಿದಾಗಲೆಲ್ಲ ‘ಇನ್ನೇನು’ ಎನ್ನುತ್ತೇನೆ.

ಪಾಠದ ನಡುವೆ ಹಿಂದಿನ ಬೆಂಚಿನಿಂದ “ಕೇಳಿಸ್ತಿಲ್ಲ ಸಾರ್” ಎಂದರು. ಗಂಟಲು ಹರಿಯುವಂತೆ ಹೇಳಿದೆ. ಮತ್ತೆ “ಕೇಳಿಸ್ತಿಲ್ಲ” ಎಂದರು. ಕರಿಹಲಗೆಯ ಮೇಲೆ ಬರೆದೆ. “ಕಾಣಿಸ್ತಿಲ್ಲ” ಎಂದರು. ಒಟ್ಟಿನಲ್ಲಿ ನಾನು ದೇವರಾಗುತ್ತಿದ್ದೇನೆ. ಈ ಮಾತನ್ನು ತರಗತಿಯಲ್ಲೇ ಹೇಳಿದೆ. ಅದೂ ಕೇಳಿಸಲಿಲ್ಲ.

ಹೆಂಡತಿ ವೈದ್ಯರ ಹತ್ತಿರ ಹೋಗೋಣ ಎನ್ನುತ್ತಿದ್ದಾಳೆ. ಅವಳಿಗೆ ತನ್ನ ಮೊಣಕೈಯದೇ ಚಿಂತೆ ಇರಬೇಕು. ಮೊದಲು ಗೆರೆ, ಆಮೇಲೆ ಉಳಿದದ್ದು.

ಫೆಬ್ರವರಿ ೨೬, ಬುಧವಾರ

ಎಲ್ಲ ಸಿದ್ಧ ಮಾಡಿಕೊಂಡಿದ್ದೆ. ಇಡೀ ಮಹಡಿಯಲ್ಲಿ ಫ್ಯಾನಿಲ್ಲ, ಪಂಪಿಲ್ಲ, ತೇವಯಂತ್ರವಿಲ್ಲ. ಬೂಟು ಬಿಚ್ಚಿಟ್ಟು ಕಾಲುಚೀಲದಲ್ಲಿ ನಡೆದೆ. ಬಾಗಿಲಿಗೆ ‘ಉಸಿರಾಡುವವರಿಗೆ ಪ್ರವೇಶವಿಲ್ಲ’ ಎಂಬ ಚೀಟಿ.

ಡಬ್ಬಿ ತೆರೆದು ಉದ್ದನೆಯ ಹರಳನ್ನು ಗಾಜಿನ ಮೇಲೆ ಮಲಗಿಸಿದೆ. ಸೂಕ್ಷ್ಮದರ್ಶಕದಡಿ ಅದು ಉರಿಯುವ ರಸ್ತೆಯಂತಿತ್ತು, ತುದಿಯಿಂದ ತುದಿಗೆ ಒಂದು ಗೀರಿಲ್ಲ. ಇಂಥದ್ದನ್ನು ನಾನು ನೋಡಿರಲಿಲ್ಲ. ಇಷ್ಟು ವರ್ಷ ಮುರುಕು ಗಲ್ಲಿಗಳಲ್ಲೇ ಓಡಾಡಿದ್ದೆ.

ತಂತಿ ಹಿಡಿದೆ. ತುದಿಗೆ ಲೇಪದ ಹನಿ. ಹತ್ತಿರ ತಂದೆ. ಗೋಡೆ ನೋಡಿದೆ. ಚುಕ್ಕೆ ನಡುಗುತ್ತಿತ್ತು.

ಮುಟ್ಟಿಸಿದರೆ ಹರಳು ಒಡೆಯುತ್ತದೆ. ಚಿಕ್ಕವುಗಳೆಲ್ಲ ಹಾಗೇ ಒಡೆದಿದ್ದವು. ಇದನ್ನು ಒಡೆಯುವುದಿಲ್ಲ ಎಂದು ನಿಶ್ಚಯಿಸಿದ್ದೆ. ಆದ್ದರಿಂದ ಕಾದೆ. ನಡುಕ ಎಲ್ಲಿಂದಲೋ ಬರುತ್ತಿದೆ, ಬಂದದ್ದು ಹೋಗಲೇಬೇಕು, ಹೋದ ಕ್ಷಣ ಮುಟ್ಟಿಸುತ್ತೇನೆ. ಚುಕ್ಕೆ ನೋಡಿದೆ, ಹರಳು ನೋಡಿದೆ, ಚುಕ್ಕೆ ನೋಡಿದೆ. ಲೇಪ ತಂತಿಯ ಮೇಲೇ ಒಣಗಿತು. ಹೊಸ ಹನಿ ಅದ್ದಿದೆ. ಮತ್ತೆ ಕಾದೆ. ಒಮ್ಮೆ ಚುಕ್ಕೆ ನಿಂತ ಹಾಗಾಯಿತು. ಕೈ ಮುಂದೆ ಹೋಗುವಷ್ಟರಲ್ಲಿ ಮತ್ತೆ ಶುರು. ಹೊರಗೆ ಯಾರೋ ಓಡಿದರು. ಬೈದೆ. ಕಾದೆ.

ಹೀಗೆ ಎಷ್ಟು ಹೊತ್ತೋ. ಮತ್ತೆ ಕಣ್ಣು ಸೂಕ್ಷ್ಮದರ್ಶಕಕ್ಕಿಟ್ಟಾಗ ರಸ್ತೆಯ ಒಂದು ತುದಿ ಬೂದಿ ಬಣ್ಣಕ್ಕೆ ತಿರುಗಿತ್ತು. ಮಸೂರಕ್ಕೆ ಉಸಿರು ತಗುಲಿರಬೇಕೆಂದು ಒರೆಸಿದೆ. ಬೂದಿ ಒಳಗೇ ಇತ್ತು, ನಡೆದು ಬರುತ್ತಿತ್ತು. ಅಡ್ಡಕ್ಕೆ ಒಂದು ಸೀಳು. ಇನ್ನೊಂದು. ಒದ್ದೆ ಹತ್ತಿಗೆ ಕೈ ಚಾಚಿದೆ. ಡಬ್ಬಿ ಮಗುಚಿ ನೆಲಕ್ಕೆ ಬಿತ್ತು. ನಾನು ಹತ್ತಿ ಹೆಕ್ಕಿ ತರುವಷ್ಟರಲ್ಲಿ ತಾಮ್ರ ಎಲ್ಲೂ ಇರಲಿಲ್ಲ.

ಮುಟ್ಟಲೂ ಇಲ್ಲ. ನಾನು ಅದನ್ನು ಮುಟ್ಟಲೂ ಇಲ್ಲ.

ಫೆಬ್ರವರಿ ೨೭, ಗುರುವಾರ

ರಜೆ ಹಾಕಿದೆ. ಇಡೀ ದಿನ ಮಂಚದ ಮೇಲೆ.

ಫೆಬ್ರವರಿ ೨೮, ಶುಕ್ರವಾರ

ಹರಳಮ್ಮನಿಗೆ ಹೇಳಿದೆ. ಅವರು ಮೊದಲು ನೋಡಿದ್ದು ಹರಳನ್ನಲ್ಲ, ಮೂಲೆಯನ್ನು.

“ತೇವಯಂತ್ರ ಯಾಕೆ ಆರಿಸಿದೀರಿ?”

“ನಡುಗ್ತಿತ್ತು.”

ಬೈಯುತ್ತಾರೆಂದು ಕಾದೆ. ಬೈಗುಳಕ್ಕೆ ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವರು ಹರಳು ಮಲಗಿದ್ದ ಗಾಜನ್ನು ಎತ್ತಿ, ಬೂದಿಯಾದದ್ದನ್ನು ಬೀಕರಿನ ನೀರಿಗೆ ಒರೆಸಿ ಹಾಕಿದರು. ಚಿಕ್ಕ ಹರಳುಗಳ ಹೋಳುಗಳನ್ನೂ ಆರಿಸಿ ಹಾಕಿದರು. ಎಲ್ಲ ಕರಗಿ ನೀರು ನೀರಾಗೇ ಉಳಿಯಿತು, ಬಣ್ಣವೇ ಇಲ್ಲ.

“ಇದಕ್ಕೇನೂ ಆಗಿಲ್ಲ ಬಿಡಿ. ಕರಗಿಸಿದ್ರೆ ಮತ್ತೆ ಸಾಲು ಕಟ್ಟುತ್ತೆ. ಅಷ್ಟುದ್ದ ಬರಲ್ಲ, ನನಗೂ ಅಷ್ಟು ದಿನ ಇಲ್ಲ. ಗಿಡ್ಡದೊಂದು ಬರುತ್ತೆ.”

“ನನ್ನನ್ನೂ ಅದರಲ್ಲಿ ಹಾಕಿಬಿಡಿ,” ಅಂದೆ.

ಹರಳಮ್ಮ ನಗಲಿಲ್ಲ. ಬೀಕರನ್ನು ಕೆಳಗಿಟ್ಟು, ನನ್ನ ಬಲಗೈಯನ್ನು ತಮ್ಮೆರಡು ಕೈಗಳ ನಡುವೆ ಹಿಡಿದುಕೊಂಡರು. ಹಿಡಿದೇ ಇದ್ದರು. ಸಂಕೋಚವಾಗಿ ಬಿಡಿಸಿಕೊಂಡು ಮೇಜಿನ ಮುಂದೆ ಕೂತೆ.

ಅಷ್ಟರಲ್ಲಿ ನಿರ್ವಾತ ಬಂದ. ನಾನು ದೂರು ಕೊಟ್ಟವನು. ಆದರೂ ಹರಳಿನ ಸುದ್ದಿ ಕೇಳಿ ಬಂದಿದ್ದ. ಗೋಡೆಯ ಮೇಲಿನ ಚುಕ್ಕೆ ನೋಡಿದ. ಹಲಗೆಗೆ ಊರಿದ್ದ ನನ್ನ ಮೊಣಕೈ ನೋಡಿದ.

“ಸ್ವಲ್ಪ ಏಳ್ತೀರಾ ಸಾರ್?”

ಎದ್ದೆ. ಚುಕ್ಕೆ ನಿಂತಿತು.

“ಕೂತ್ಕೊಳ್ಳಿ.”

ಕೂತೆ. ಕುಣಿಯಿತು.

“ಇನ್ನೊಂದು ಸಲ,” ಅಂದ, ತುಂಬ ಮೆಲ್ಲಗೆ.

ಮೂವರೂ ಗೋಡೆಯನ್ನೇ ನೋಡುತ್ತಿದ್ದೆವು.

ಕುರ್ಚಿಯದೇ ದೋಷ. ನಾಳೆ ಬೇರೆ ಕುರ್ಚಿ ತರಿಸಬೇಕು.

ಮಾರ್ಚ್ ೩, ಸೋಮವಾರ

ಬೇರೆ ಕುರ್ಚಿ ತರಿಸಿದೆ.

ಕುರ್ಚಿಯದಲ್ಲ.

ಮಾರ್ಚ್ ೧೦, ಸೋಮವಾರ

ಹೆಂಡತಿ ಅಂಗಡಿಗೆ ರಜೆ ಹಾಕಿ ನನ್ನನ್ನು ಕರೆದೊಯ್ದಳು. ಅಂಗಿಯ ಗುಂಡಿ ಅವಳೇ ಹಾಕಿದಳು. ಕಾಜಾ ಸರಿಯಾಗೇ ಇದೆಯಂತೆ.

ವೈದ್ಯೆ ನನಗಿಂತ ತುಂಬ ಚಿಕ್ಕವರು. ಹೆಬ್ಬೆರಳಿಗೆ ತೋರುಬೆರಳು ತಾಗಿಸಿ, ಬೇಗ ಬೇಗ, ಅಂದರು. ಎಡಗೈ ಓಡಿತು. ಬಲಗೈ ಮೊದಲು ಓಡಿ, ಆಮೇಲೆ ನಡೆದು, ಆಮೇಲೆ ನಿಂತಿತು. ನಾನು ನಿಲ್ಲಿಸಿರಲಿಲ್ಲ. ಒಂದು ವಾಕ್ಯ ಬರೆಸಿದರು. ವಾಕ್ಯ ಮುಗಿಯುವಷ್ಟರಲ್ಲಿ ಅಕ್ಷರಗಳು ಇರುವೆಗಳಾಗಿದ್ದವು. ಮೊಗಸಾಲೆಯಲ್ಲಿ ನಡೆಸಿದರು. ಬಲಗೈ ಬೀಸುವುದನ್ನು ಮರೆತಿದೆಯಂತೆ.

“ವಾಸನೆ ಗೊತ್ತಾಗುತ್ತಾ?” ಅಂದರು.

ಬಾಳೆಹಣ್ಣು ನೆನಪಾಯಿತು. ಲೇಪದ ಅಂಗಡಿಯವನಿಗೆ ಕ್ಷಮೆ ಕೇಳಬೇಕು.

ಹೆಸರು ಹೇಳಿದರು. ಪಾರ್ಕಿನ್ಸನ್. ಹೆಸರಿನಲ್ಲಿ ಒಂದು ಪಾರ್ಕಿದೆ. ಬೇರೆ ದಿನವಾಗಿದ್ದರೆ ಅದರಲ್ಲಿ ಒಂದು ಸುತ್ತು ಹಾಕುತ್ತಿದ್ದೆ.

“ತಲೆಯೊಳಗೆ ಒಂದು ರಸ ಕಮ್ಮಿ ಆಗ್ತಿದೆ. ನೀವು ಕೈಗೆ ಹೇಳಿ ಕಳಿಸಿದ ಮಾತು ದಾರೀಲಿ ತಡವರಿಸುತ್ತೆ. ಮಾತ್ರೆ ಕೊಡ್ತೀನಿ, ಸ್ವಲ್ಪ ಕಾಲ ಚೆನ್ನಾಗೇ ಕೆಲಸ ಮಾಡುತ್ತೆ. ಆದರೆ ವಾಸಿ ಮಾಡಲ್ಲ. ಅದನ್ನ ಈಗಲೇ ಹೇಳಿಬಿಡ್ತೀನಿ.”

“ಪಕ್ಕದ ಬೀದಿ ಇಲ್ವಾ?” ಅಂದೆ.

ಅವರಿಗೆ ಅರ್ಥವಾಗಲಿಲ್ಲ. ಹೆಂಡತಿಗಾಯಿತು. ಅವಳು ಚೀಲದಲ್ಲಿ ಏನನ್ನೋ ಹುಡುಕತೊಡಗಿದಳು.

ಅವಳ ಮುಖ ನೋಡಲಾಗದೆ ಒಂದು ತಮಾಷೆ ಮಾಡಿದೆ. “ಡಾಕ್ಟರೇ, ಇಷ್ಟು ದಿನ ಪಂಪನ್ನ ಗಡೀಪಾರು ಮಾಡಿಸಿದ್ದೆ. ಈಗ ನನ್ನನ್ನ ಯಾವ ನೆಲಮಾಳಿಗೆಗೆ ಕಳಿಸ್ತೀರಿ?” ನನ್ನ ಮಾತಿಗೆ ನಾನೇ ನಕ್ಕೆ.

ವೈದ್ಯೆ ಮುಂದಕ್ಕೆ ಬಾಗಿ, ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

“ಈಗ ಕೊನೇದಾಗಿ, ಸ್ವಲ್ಪ ನಗಿ ನೋಡೋಣ,” ಅಂದರು.

ನಾನು ಆಗಲೇ ನಗುತ್ತಿದ್ದೆ.

ಮಾರ್ಚ್ ೧೬, ಭಾನುವಾರ

ಕನ್ನಡಿಯ ಮುಂದೆ ನಿಂತು ಹರಳೆಣ್ಣೆಯ ತಮಾಷೆ ಹೇಳಿಕೊಂಡೆ. ಎದುರಿನವನು ಹರಳೆಣ್ಣೆ ಕುಡಿದವನಂತಿದ್ದ. ಚಹಾದ ಹೊತ್ತಿನವರದು, ನಿರ್ವಾತನದು, ಯಾರದೂ ತಪ್ಪಿಲ್ಲ. ಇವನು ಹೇಳಿದರೆ ನಾನೂ ನಗುತ್ತಿರಲಿಲ್ಲ.

ಎಷ್ಟು ತಿಂಗಳಿಂದ ಈ ಮುಖ ಹೊತ್ತು ಅವಳ ಎದುರು ಊಟಕ್ಕೆ ಕೂತಿದ್ದೇನೆ. ಅವಳು ಕೇಳಿದಳು, ‘ತಮಾಷೆ ಮಾಡಿದ್ರಾ?’

ಮಾರ್ಚ್ ೧೯, ಬುಧವಾರ

ಮಾತ್ರೆ ವಾಕರಿಕೆ ತರುತ್ತದೆ. ನಿರ್ದೇಶಕರ ಹತ್ತಿರ ಹೋಗಿ ದೂರು ವಾಪಸ್ ಪಡೆದೆ. ಪಂಪು ಮತ್ತೆ ಮೇಲೆ ಬರುತ್ತದೆ. ನಿರ್ವಾತನಿಗೆ ಕ್ಷಮಿಸು ಎಂದೆ. ನನ್ನ ದನಿ ಅವನಿಗೆ ಕೇಳಿಸಲಿಲ್ಲವೋ ಏನೋ, “ಪರವಾಗಿಲ್ಲ ಸಾರ್, ಪಂಪಿಗೂ ಸ್ವಲ್ಪ ಪ್ರವಾಸ ಆಯ್ತು,” ಎಂದ. ಹಾಗಾದರೆ ಕೇಳಿಸಿರಬೇಕು.

ಕೆಲಸದ ಮೇಜಿನ ಹತ್ತಿರ ಹೋಗಲಿಲ್ಲ. ನನಗೆ ಬೇರೆ ಏನೂ ಬರುವುದಿಲ್ಲ.

ಮಾರ್ಚ್ ೨೮, ಶುಕ್ರವಾರ

ಹರಳಮ್ಮನ ಕೊನೆಯ ದಿನ. ಬೆಳಿಗ್ಗೆಯೇ ಗಾಜಿನ ಡಬ್ಬಿ ಹಿಡಿದು ಬಂದರು. ಒಳಗೆ ಗಿಡ್ಡ ಸೂಜಿ, ಅಕ್ಕಿಕಾಳಿಗಿಂತ ತುಸು ಉದ್ದ. ತಾಮ್ರದ ಹೊಳಪು ಹಾಗೇ ಮರಳಿತ್ತು, ಅದಕ್ಕೆ ಏನೂ ನೆನಪಿಲ್ಲದ ಹಾಗೆ.

ಚಿಮಟವನ್ನು ನಿರ್ವಾತನಿಗೆ ಕೊಟ್ಟೆ.

“ನನ್ನ ಕೈ ಪಂಪಿನ ನಟ್ಟು ತಿರುಗಿಸೋ ಕೈ ಸಾರ್.”

“ನಿಂತಿರುತ್ತಲ್ಲ, ಸಾಕು.”

ತೇವಯಂತ್ರ ಮಂಜು ಉಗುಳುತ್ತಿತ್ತು. ಗೋಡೆಯಾಚೆ ಪಂಪು ಓಡುತ್ತಿತ್ತು. ನಾನು ಹಲಗೆಯಿಂದ ದೂರ, ಗೋಡೆಗೆ ಬೆನ್ನು ಕೊಟ್ಟು ನಿಂತೆ. ಹೇಳುತ್ತ ಹೋದೆ: ಹನಿ ಚಿಕ್ಕದಿರಲಿ, ಬದಿಯಿಂದ ಬಾ, ಮುಟ್ಟಿಸು, ಈಗ ಹಿಡಿ. ಅವನಿಗೆ ನನ್ನ ಮಾತು ಕೇಳಿಸುತ್ತಿರಲಿಲ್ಲ. ಹರಳಮ್ಮ ನಡುವೆ ನಿಂತು ನನ್ನ ಒಂದೊಂದು ಮಾತನ್ನೂ ಜೋರಾಗಿ ದಾಟಿಸುತ್ತಿದ್ದರು. “ಹಿಡಿ ಅಂತಾರೆ!” “ಸುಮ್ನೆ ಹಿಡಿ ಅಂತಾರೆ!” “ಹೆದರಬೇಡ ಅಂತಾರೆ!” ಕೊನೆಯದನ್ನು ನಾನು ಹೇಳಿರಲಿಲ್ಲ.

ಕೆಂಪು ಚುಕ್ಕೆ ಗೋಡೆಗೆ ಹೊಡೆದ ಮೊಳೆ.

ನಾಲ್ಕೂ ತಂತಿ ಹತ್ತಿದವು. ಮಧ್ಯಾಹ್ನ ತಣಿಸಲು ಶುರುಮಾಡಿದೆವು. ಪರದೆಯ ಮೇಲೆ ಗೆರೆ ಮೊದಲು ಮಲಗಿತ್ತು, ಆಮೇಲೆ ತಲೆಯೆತ್ತಿತು, ಆಮೇಲೆ ಕಡಿದಾಗಿ ಹತ್ತಿತು. ಹರಳಿನಲ್ಲಿ ಓಡುತ್ತಿದ್ದದ್ದೆಲ್ಲ ಒಂದೊಂದಾಗಿ ನಿಂತಿತು. ಕಲ್ಲಾಯಿತು. ಅದನ್ನು ಎಷ್ಟೋ ಸಲ ನೋಡಿದ್ದೇನೆ. ಇವತ್ತು ನೋಡುವುದು ಕಷ್ಟವಾಯಿತು. ಮತ್ತೆ ಬೆಚ್ಚಗೆ ಮಾಡುತ್ತ ಬಂದೆವು. ಗೆರೆ ಹತ್ತಿದ ದಾರಿಯಲ್ಲೇ ಇಳಿಯಿತು, ಒಂದು ಚುಕ್ಕೆಯೂ ಅತ್ತಿತ್ತ ಹೋಗದೆ. ಕಲ್ಲಾಗಿದ್ದದ್ದು ಲೋಹವಾಗಿ ಮರಳಿತು. ಅದು ಮರಳುತ್ತದೆ. ಅದರ ಜಾತಿಯೇ ಹಾಗೆ.

ಉದ್ದನೆಯದಾಗಿದ್ದರೆ ಗೆರೆ ಇನ್ನೂ ಚೆನ್ನಾಗಿರುತ್ತಿತ್ತು. ಮೂವರಿಗೂ ಗೊತ್ತಿತ್ತು.

ಹರಳಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಗೆರೆಯ ಹಾಳೆಯನ್ನು ಮಡಚದೆ ಸುರುಳಿ ಸುತ್ತಿ, ಬಂದಾಗ ಡಬ್ಬಿಯನ್ನು ಹಿಡಿದಿದ್ದಂತೆ ಎದೆಗವಚಿಕೊಂಡರು. ನಿರ್ವಾತ ಮಕ್ಕಳ ಹಾಗೆ ಕುಣಿದು ನನ್ನ ಭುಜ ಹಿಡಿದ. ಹಿಡಿದವನು ನನ್ನ ಮುಖ ನೋಡಿ ನಿಧಾನವಾಗಿ ಕೈ ಸಡಿಲಿಸಿದ.

“ನಿಮಗೆ ಖುಷಿ ಆಗ್ಲಿಲ್ವಾ ಸಾರ್?”

“ಆಯ್ತು ಕಣಯ್ಯ.”

“ಏನಂದ್ರಿ?”

ಇನ್ನೊಮ್ಮೆ ಹೇಳಲು ಹೋದೆ. ಪಂಪಿನ ಸದ್ದಿತ್ತು. ಬಿಟ್ಟೆ.

ಖುಷಿಯಾಯಿತು. ಇಲ್ಲಿ ಬರೆದಿಡುತ್ತೇನೆ, ಇರುವೆಯಷ್ಟು ಅಕ್ಷರದಲ್ಲಾದರೂ. ಬೇರೆಲ್ಲೂ ಅದು ಕಾಣಿಸುವುದಿಲ್ಲವಂತೆ.